ಕ್ಷೇತ್ರಕಾರ್ಯದ ಎರಡು ಮುಖಗಳು: ಕೋಸ್ಟರಿಕಾದ ವಿನಿಮಯ ಸೆಮಿಸ್ಟರ್ ಮತ್ತು ಜನಪದ ಪರಿಸರ ಜ್ಞಾನ

ಕ್ಷೇತ್ರಕಾರ್ಯವೆಂಬ ಮಾತನ್ನು ಜಾನಪದ ಅಧ್ಯಯನವೂ ಜೀವಿಪರಿಸರ ವಿಜ್ಞಾನವೂ ಸಮಾನವಾಗಿ ಬಳಸುತ್ತವೆ. ಆದರೆ ಎರಡು ಕಡೆಯೂ ಅದರ ಅರ್ಥ ಒಂದೇ ಅಲ್ಲ. ಜಾನಪದ ಸಂಶೋಧಕರಿಗೆ ಕ್ಷೇತ್ರವೆಂದರೆ ಮೊದಲು ಜನ. ಕಾಡು, ಹೊಳೆ, ಗದ್ದೆ, ಗೋಮಾಳಗಳು ವಕ್ತೃಗಳ ಮಾತಿನ ಮೂಲಕವೇ ಅವರಿಗೆ ಕಾಣತೊಡಗುತ್ತವೆ. ಜೀವಿಪರಿಸರ ವಿಜ್ಞಾನಿಗಳಿಗೆ ಕ್ಷೇತ್ರವೆಂದರೆ ಮೊದಲು ತಾಣ: ಹಗ್ಗ ಎಳೆದು ಗುರುತಿಸಿದ ಚೌಕ, ಅದರೊಳಗಿನ ಸಸಿಗಳ ಎಣಿಕೆ, ಮಳೆಮಾಪಕದ ದಾಖಲೆ. ಅಲ್ಲಿ ಸ್ಥಳೀಯ ಮನುಷ್ಯ ಪ್ರವೇಶಿಸುವುದು ಬಹುಮಟ್ಟಿಗೆ ‘ಒತ್ತಡ’ ಎಂಬ ಶೀರ್ಷಿಕೆಯ ಅಡಿಯಲ್ಲಿ; ಮೇವು, ಸೌದೆ, ಬೇಟೆ, ಬೆಂಕಿ ಎಂಬ ರೂಪಗಳಲ್ಲಿ. ಈ ಎರಡು ಬಗೆಯ ಕ್ಷೇತ್ರಕಾರ್ಯಗಳು ಒಂದೇ ಕಾಡಿನಲ್ಲಿ ಮುಖಾಮುಖಿಯಾದಾಗ ಏನು ಸಂಭವಿಸುತ್ತದೆ ಎಂಬುದನ್ನು ಪರಿಶೀಲಿಸಲು ವಿದೇಶದಲ್ಲಿ ನಡೆಯುವ ವಿನಿಮಯ ಸೆಮಿಸ್ಟರ್ ಒಂದು ಉತ್ತಮ ನಿದರ್ಶನವಾಗಿದೆ.

ವಿನಿಮಯ ಸೆಮಿಸ್ಟರ್ ಎಂದರೆ ಪದವಿ ತರಗತಿಯ ವಿದ್ಯಾರ್ಥಿಯು ತನ್ನ ವಿಶ್ವವಿದ್ಯಾಲಯದ ನೋಂದಣಿಯನ್ನು ಬಿಡದೆ ಒಂದು ಅರ್ಧವಾರ್ಷಿಕ ಅವಧಿಯನ್ನು ಬೇರೊಂದು ದೇಶದಲ್ಲಿ ಕಳೆದು, ಅಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ತನ್ನ ಪದವಿಗೆ ಸೇರಿಸಿಕೊಳ್ಳುವ ವ್ಯವಸ್ಥೆ. ಭಾಷೆ, ಇತಿಹಾಸ, ಕಲೆಗಳ ವಿದ್ಯಾರ್ಥಿಗಳಿಗೆ ಇದು ಹಳೆಯ ಪದ್ಧತಿ. ಉಷ್ಣವಲಯದ ಕಾಡು, ಹವಳದ ದಿಬ್ಬ, ಹುಲ್ಲುಗಾವಲುಗಳನ್ನು ತರಗತಿಯಾಗಿಸಿಕೊಂಡ ಪರಿಸರ ಸೆಮಿಸ್ಟರುಗಳು ಅನಂತರದವು. ನಮ್ಮಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ಭಾರತೀಯ ಮತ್ತು ವಿದೇಶೀ ಸಂಸ್ಥೆಗಳ ಶೈಕ್ಷಣಿಕ ಸಹಯೋಗ ಕುರಿತ ನಿಯಮಾವಳಿಯನ್ನು ಹೊರಡಿಸಿ, ಕ್ರೆಡಿಟ್‌ಗಳ ವರ್ಗಾವಣೆಗೆ ದಾರಿಮಾಡಿತು. ಆದ್ದರಿಂದ ಇಂತಹ ಪಠ್ಯಕ್ರಮವನ್ನು ರೂಪಿಸುವವರು ನಮ್ಮಲ್ಲಿಯೂ ಇರುತ್ತಾರೆ. ಅವರು ಯಾವ ಮಾದರಿಯನ್ನು ಎದುರಿಗಿಟ್ಟುಕೊಳ್ಳುತ್ತಾರೆ ಎಂಬುದು ಜಾನಪದ ವಿದ್ವಾಂಸರಿಗೂ ಸಂಬಂಧಿಸಿದ ವಿಷಯ.

ಇಂತಹ ಸೆಮಿಸ್ಟರುಗಳಿಗೆ ಅತ್ಯಂತ ಹೆಸರಾದ ದೇಶ ಮಧ್ಯ ಅಮೆರಿಕದ ಕೋಸ್ಟರಿಕಾ. ಅದರ ವಿಸ್ತೀರ್ಣ ಸುಮಾರು 51,100 ಚದರ ಕಿಲೋಮೀಟರು. ಕರ್ನಾಟಕದ ಕಾಲು ಭಾಗಕ್ಕಿಂತ ತುಸು ಹೆಚ್ಚು. 1948ರಲ್ಲಿ ಸೈನ್ಯವನ್ನೇ ರದ್ದುಪಡಿಸಿದ ದೇಶವಿದು. ದನಗಳ ಸಾಕಣೆಗಾಗಿ ಕಾಡು ಕಡಿದು 1980ರ ದಶಕದಲ್ಲಿ ದೇಶದ ಸುಮಾರು ಕಾಲು ಭಾಗದಲ್ಲಿ ಮಾತ್ರ ಅರಣ್ಯ ಉಳಿದಿತ್ತು. ಇಂದು ಅದು ಅರ್ಧಕ್ಕಿಂತ ಹೆಚ್ಚು. 1996ರ ಅರಣ್ಯ ಕಾನೂನು ಕಾಡು ಉಳಿಸಿಕೊಂಡ ಭೂಮಾಲೀಕರಿಗೆ ಹಣ ಪಾವತಿಸುವ ಪದ್ಧತಿಯನ್ನು ಜಾರಿಗೆ ತಂದದ್ದು ಈ ಬದಲಾವಣೆಯ ಕಾರಣಗಳಲ್ಲಿ ಒಂದು. ಸೋಲು ಮತ್ತು ಚೇತರಿಕೆ ಎರಡನ್ನೂ ಒಂದೇ ತಲೆಮಾರಿನಲ್ಲಿ ಕಂಡ ನಾಡೆಂಬ ಕಾರಣಕ್ಕೆ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಾರೆ.

ಅಲ್ಲಿನ ಬೋಧನಾ ಪದ್ಧತಿಗೆ ಅಡಿಪಾಯ ಹಾಕಿದ್ದು 1963ರಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳೂ ಕೋಸ್ಟರಿಕಾ ವಿಶ್ವವಿದ್ಯಾಲಯವೂ ಸೇರಿ ಸ್ಥಾಪಿಸಿದ ಉಷ್ಣವಲಯ ಅಧ್ಯಯನ ಸಂಸ್ಥೆ. ಸಸ್ಯವಿಜ್ಞಾನಿ ಲೆಸ್ಲಿ ಹೋಲ್ಡ್ರಿಜ್ ಅವರ ತೋಟ ಮತ್ತು ಕಾಡಾಗಿದ್ದ ಲಾ ಸೆಲ್ವವನ್ನು ಅದು 1968ರಲ್ಲಿ ಕೊಂಡುಕೊಂಡಿತು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಲಾ ಸೆಲ್ವ, ಒಣಕಾಡು ಮತ್ತು ಜೌಗು ಇರುವ ಪಾಲೊ ವೆರ್ದೆ, ಬೆಟ್ಟದ ಮೇಲಿನ ಲಾಸ್ ಕ್ರುಸೆಸ್ ಎಂಬ ಮೂರು ಕ್ಷೇತ್ರ ಕೇಂದ್ರಗಳ ನಡುವೆ ವಿದ್ಯಾರ್ಥಿಗಳು ತಿರುಗುತ್ತಾರೆ. ಸುಮಾರು ಹದಿನೈದು ವಾರಗಳ ಈ ಅವಧಿಯಲ್ಲಿ ಪರಿಸರ ವಿಜ್ಞಾನ, ಸಂರಕ್ಷಣಾ ನೀತಿ, ಸ್ಪ್ಯಾನಿಷ್ ಭಾಷೆ ಮತ್ತು ಒಂದು ಸ್ವತಂತ್ರ ಸಂಶೋಧನೆ ಇರುತ್ತವೆ; ನಡುವೆ ಕೆಲವು ದಿನ ಸ್ಥಳೀಯ ಕುಟುಂಬವೊಂದರ ಮನೆಯಲ್ಲಿ ವಾಸ.

ಇಲ್ಲಿನ ಕಲಿಕೆಯ ವಿಧಾನವನ್ನು ಸ್ವಲ್ಪ ವಿವರವಾಗಿ ಗಮನಿಸಬೇಕು. ಮೊದಲ ದಿನ ಅಧ್ಯಾಪಕರು ಕಾಡಿನಲ್ಲಿ ಸುತ್ತಾಡಿಸುತ್ತಾರೆ. ಅದರ ಬೆನ್ನಿಗೇ ಒಂದು ದಿನದಲ್ಲಿ ಮುಗಿಯುವ ‘ಕ್ಷೇತ್ರ ಸಮಸ್ಯೆ’ಯನ್ನು ಕೊಡುತ್ತಾರೆ. ಉದಾಹರಣೆಗೆ, ಗೂಳಿಯ ಕೊಂಬಿನಂತಹ ಟೊಳ್ಳು ಮುಳ್ಳುಗಳಿರುವ ಅಕೇಶಿಯ ಗಿಡದಲ್ಲಿ ಇರುವೆಗಳು ವಾಸಿಸುತ್ತವೆ. ಗಿಡ ಅವುಗಳಿಗೆ ಮನೆ ಮತ್ತು ಆಹಾರ ಕೊಡುತ್ತದೆ, ಅವು ಗಿಡವನ್ನು ಕಾಯುತ್ತವೆ. ಈ ಸಂಬಂಧವನ್ನು ಡೇನಿಯಲ್ ಜಾನ್ಸನ್ 1966ರಲ್ಲಿ ಪ್ರಯೋಗಗಳ ಮೂಲಕ ಸ್ಥಾಪಿಸಿದರು. ವಿದ್ಯಾರ್ಥಿ ಕೊಂಬೆಯನ್ನು ತಟ್ಟಿ ಎಷ್ಟು ಇರುವೆಗಳು ಎಷ್ಟು ಹೊತ್ತಿನಲ್ಲಿ ಹೊರಬಂದವು ಎಂದು ಎಣಿಸಿ, ಸಂಜೆ ಸಹಪಾಠಿಗಳ ಎದುರು ವರದಿ ಒಪ್ಪಿಸುತ್ತಾನೆ. ಪ್ರಶ್ನೆ, ಊಹೆ, ಎಣಿಕೆ, ಚರ್ಚೆ ಎಂಬ ಈ ಚಕ್ರ ಅವಧಿಯುದ್ದಕ್ಕೂ ಮತ್ತೆ ಮತ್ತೆ ತಿರುಗುತ್ತದೆ. ಗುರುವಿನ ಜೊತೆ ನಡೆದು, ನೋಡಿ, ಮಾಡಿ, ತಪ್ಪಿ ಕಲಿಯುವ ಈ ಕ್ರಮ ಗರಡಿಯ ಕಲಿಕೆಗೆ ಹತ್ತಿರವಾದುದು. ಪುಸ್ತಕಕ್ಕೆ ಅಂಟಿಕೊಂಡ ನಮ್ಮ ವಿಜ್ಞಾನ ತರಗತಿಗಳು ಇದರಿಂದ ಕಲಿಯಬೇಕಾದದ್ದು ಬಹಳವಿದೆ ಎಂಬುದರಲ್ಲಿ ಅನುಮಾನವಿಲ್ಲ.

ಇಂತಹ ಗರಡಿಗೆ ತನ್ನದೇ ಮೌಖಿಕ ಪರಂಪರೆಯೂ ಹುಟ್ಟಿಕೊಂಡಿದೆ. ಮೊಂತೆವೆರ್ದೆಯ ಮೋಡದ ಕಾಡಿನಲ್ಲಿದ್ದ ಬಂಗಾರದ ಬಣ್ಣದ ಕಪ್ಪೆಯ ವೃತ್ತಾಂತ ಅದಕ್ಕೆ ಸಾಕ್ಷಿ. 1987ರಲ್ಲಿ ಸಂತಾನೋತ್ಪತ್ತಿಯ ಕೊಳಗಳಲ್ಲಿ ಸಾವಿರಕ್ಕೂ ಮಿಕ್ಕಿ ಕಂಡ ಆ ಕಪ್ಪೆ 1989ರಲ್ಲಿ ಒಂದೇ ಒಂದು ಕಾಣಿಸಿತು. ಅನಂತರ ಯಾರಿಗೂ ಕಾಣಲಿಲ್ಲ. 2004ರಲ್ಲಿ ಅದು ಅಳಿದುಹೋಯಿತೆಂದು ಘೋಷಿಸಲಾಯಿತು. ಅದನ್ನು ಎಂದೂ ಕಾಣದ ವಿದ್ಯಾರ್ಥಿಗಳು ಅದರ ಕಥೆಯನ್ನು ಹೇಳುತ್ತಾ ಕೇಳುತ್ತಾ ಬಂದಿದ್ದಾರೆ. ಸ್ಥಳ, ವರ್ಷ, ಕೊನೆಯ ಸಾಕ್ಷಿಗಳ ನಿಖರತೆಯೊಡನೆ ಸಾಗುವ ಈ ನಿರೂಪಣೆಯನ್ನು ನಮ್ಮ ಪರಿಭಾಷೆಯಲ್ಲಿ ಐತಿಹ್ಯವೆಂದೇ ಕರೆಯಬಹುದು. ವಿಜ್ಞಾನಿಗಳ ಜಾನಪದವನ್ನು ಸಂಗ್ರಹಿಸುವ ಕೆಲಸ ನಮ್ಮಲ್ಲಿ ಇನ್ನೂ ಆರಂಭವಾಗಬೇಕಾಗಿದೆ.

ಹೆಸರುಗಳು ಹೇಳುವುದು

ಸೆಮಿಸ್ಟರಿನ ಮೊದಲ ವಾರಗಳಲ್ಲಿ ವಿದ್ಯಾರ್ಥಿ ನೂರಾರು ಲ್ಯಾಟಿನ್ ಹೆಸರುಗಳನ್ನು ಕಂಠಪಾಠ ಮಾಡುತ್ತಾನೆ. ಶಾಸ್ತ್ರೀಯ ನಾಮಕರಣ ಜಗತ್ತಿನ ಯಾವ ಮೂಲೆಯಲ್ಲೂ ಒಂದೇ ಅರ್ಥ ಕೊಡುವುದರಿಂದ ಅದು ಅನಿವಾರ್ಯ. ಆದರೆ ಅದರ ಪಕ್ಕದಲ್ಲಿಯೇ ಇರುವ ಜನಬಳಕೆಯ ಹೆಸರನ್ನು ಅವನು ಅಡ್ಡಹೆಸರೆಂದು ಭಾವಿಸಿ ದಾಟಿಹೋಗುತ್ತಾನೆ. ಪಾಲೊ ವೆರ್ದೆ ಇರುವ ಪ್ರಾಂತ್ಯದ ಹೆಸರು ಗ್ವಾನಕಾಸ್ತೆ. ಅದು ಒಂದು ಮರದ ಹೆಸರು; ನಾವಾತ್ಲ್ ಭಾಷೆಯಲ್ಲಿ ‘ಕಿವಿಮರ’ ಎಂದರ್ಥ. ಅದರ ಕಾಯಿ ಮನುಷ್ಯನ ಕಿವಿಯಂತೆಯೇ ಸುರುಳಿಯಾಗಿರುತ್ತದೆ. 1959ರಿಂದ ಇದು ಕೋಸ್ಟರಿಕಾದ ರಾಷ್ಟ್ರೀಯ ಮರ. ಇಷ್ಟು ದೊಡ್ಡ, ಗಟ್ಟಿ ಕಾಯಿಯನ್ನು ತಿಂದು ಬೀಜ ಹರಡುವ ಕಾಡುಪ್ರಾಣಿ ಅಲ್ಲಿ ಇಂದು ಇಲ್ಲ. ಹಿಂದೆ ಅಲ್ಲಿದ್ದು ಸುಮಾರು ಹತ್ತು ಸಾವಿರ ವರ್ಷಗಳ ಕೆಳಗೆ ಅಳಿದ ಆನೆಯಂತಹ ಬೃಹತ್ ಪ್ರಾಣಿಗಳಿಗಾಗಿ ಈ ಕಾಯಿ ರೂಪುಗೊಂಡಿದ್ದಿರಬೇಕೆಂದು ಜಾನ್ಸನ್ ಮತ್ತು ಪಾಲ್ ಮಾರ್ಟಿನ್ 1982ರಲ್ಲಿ ವಾದಿಸಿದರು. ಸ್ಪೇನಿನವರು ತಂದ ಕುದುರೆ, ದನಗಳು ಇಂದು ಆ ಕೆಲಸವನ್ನು ಭಾಗಶಃ ಮಾಡುತ್ತಿವೆ.

ಇನ್ನೊಂದು ಮರದ ಕೆಂಪು ತೊಗಟೆ ಸದಾ ಕಾಗದದಂತೆ ಸುಲಿಯುತ್ತಿರುತ್ತದೆ. ಅದಕ್ಕೆ ಹಳೆಯ ಹೆಸರು ‘ಬೆತ್ತಲೆ ಇಂಡಿಯನ್’. ವಸಾಹತುಗಾರನ ಕಣ್ಣು ಅಲ್ಲಿ ನಿಚ್ಚಳವಾಗಿದೆ. ಪ್ರವಾಸಿಗಳು ಬರತೊಡಗಿದ ಮೇಲೆ ಅದೇ ಮರಕ್ಕೆ ‘ಪ್ರವಾಸಿ ಮರ’ ಎಂಬ ತಮಾಷೆಯ ಹೆಸರೂ ಬಂತು. ಬಿಸಿಲಿಗೆ ಕೆಂಪಾಗಿ ಚರ್ಮ ಸುಲಿಯುವವರು ಈಗ ಅವರು. ನೋಡಲು ಬಂದವರನ್ನೇ ನೋಡಿ ನಗುವ ಈ ಹೆಸರಿನಲ್ಲಿ ವಿನಿಮಯ ವಿದ್ಯಾರ್ಥಿಯೂ ಸೇರಿದ್ದಾನೆ. ಗ್ವಾನಕಾಸ್ತೆಯ ಕುಣಿತಗಳಲ್ಲಿ ವಾದ್ಯವನ್ನು ಥಟ್ಟನೆ ನಿಲ್ಲಿಸಿ ಕೂಗಿ ಹೇಳುವ ‘ಬೊಂಬಾ’ ಎಂಬ ಪ್ರಾಸದ ಚುಟುಕುಗಳಿವೆ. ನಮ್ಮ ಒಡಪಿನ ಚಮತ್ಕಾರವನ್ನು ಅವು ನೆನಪಿಗೆ ತರುತ್ತವೆ. ದನ, ಹುಲ್ಲು, ಕುದುರೆಗಳ ನಡುವೆ ಬದುಕಿದ ‘ಸಬನೇರೊ’ ಎಂಬ ಗೋಪಾಲಕರ ಬದುಕು ಆ ಪ್ರಾಂತ್ಯದ ಜನಪದ ಸಂಸ್ಕೃತಿಯ ತಿರುಳು. ವಿದ್ಯಾರ್ಥಿಗೆ ಇದೆಲ್ಲ ಸಾಮಾನ್ಯವಾಗಿ ವಾರಾಂತ್ಯದ ‘ಸಂಸ್ಕೃತಿ’ ಕಾರ್ಯಕ್ರಮವಾಗಿ ತಲುಪುತ್ತದೆ. ವಾರದ ಉಳಿದ ದಿನಗಳ ‘ವಿಜ್ಞಾನ’ಕ್ಕೂ ಅದಕ್ಕೂ ಸಂಬಂಧವಿದೆಯೆಂದು ತೋರಿಸುವ ಪಾಠ ಬೇಕು. ಪಾಲೊ ವೆರ್ದೆಯ ಜೌಗು ಅಂತಹ ಪಾಠವನ್ನು ಕಣ್ಣೆದುರಿಗೇ ಇಟ್ಟಿದೆ.

ಪಾಲೊ ವೆರ್ದೆಯ ಪಾಠ

ತೆಂಪಿಸ್ಕೆ ನದಿಯ ಬಯಲಿನಲ್ಲಿರುವ ಈ ಜೌಗು ಸಂರಕ್ಷಿತ ಪ್ರದೇಶವಾಗುವ ಮುನ್ನ ದನಗಳ ದೊಡ್ಡ ಜಮೀನುದಾರಿಯ ಭಾಗವಾಗಿತ್ತು. ಸಹಸ್ರಾರು ಸಿಳ್ಳೆಬಾತುಗಳೂ ಕೊಕ್ಕರೆಗಳೂ ಬರುತ್ತಿದ್ದುದರಿಂದ 1970ರ ದಶಕದ ಕೊನೆಯಲ್ಲಿ ಅದನ್ನು ರಕ್ಷಿಸುವ ಕ್ರಮಗಳು ಆರಂಭವಾಗಿ, ದನಗಳನ್ನು ಹೊರಹಾಕಲಾಯಿತು. ಅನಂತರದ ವರ್ಷಗಳಲ್ಲಿ ಜೊಂಡು ಹಬ್ಬಿ ತೆರೆದ ನೀರನ್ನು ಬಹುತೇಕ ಮುಚ್ಚಿತು. ಹಕ್ಕಿಗಳು ಇಳಿಯಲು ನೀರೇ ಕಾಣದಾಯಿತು. 1991ರಲ್ಲಿ ರಾಮ್ಸರ್ ಒಪ್ಪಂದದ ಜೌಗುಗಳ ಪಟ್ಟಿಗೆ ಸೇರಿದ ಪಾಲೊ ವೆರ್ದೆಯನ್ನು 1993ರಲ್ಲಿ ಅದೇ ಒಪ್ಪಂದದ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಬೇಕಾಯಿತು. ಸುತ್ತಲಿನ ನೀರಾವರಿಯಿಂದ ನೀರಿನ ಹರಿವು ಬದಲಾದುದೂ ಕಾರಣವೆಂದು ಹೇಳಲಾಗಿದೆ. ಆದರೆ ಮೇಯುವ, ತುಳಿಯುವ ದನಗಳು ಇಲ್ಲವಾದುದು ಮುಖ್ಯ ಕಾರಣಗಳಲ್ಲೊಂದು.

ಪರಿಹಾರ ಬಂದ ದಾರಿ ಇನ್ನೂ ಕುತೂಹಲಕರ. ದನಗಳನ್ನು ಮತ್ತೆ ಒಳಬಿಟ್ಟು ನೋಡಿದರು. ಬಲಿತ ಜೊಂಡಿಗೆ ಅದಷ್ಟೇ ಸಾಲಲಿಲ್ಲ. ಆಗ ನೆರವಿಗೆ ಬಂದದ್ದು ‘ಫಾಂಗೆಯೊ’ ಎಂಬ ವಿಧಾನ. ‘ಫಾಂಗೊ’ ಎಂದರೆ ಸ್ಪ್ಯಾನಿಷಿನಲ್ಲಿ ಕೆಸರು. ಆ ಭಾಗದ ಭತ್ತದ ಬೆಳೆಗಾರರು ನೀರು ನಿಂತ ಗದ್ದೆಯಲ್ಲಿ ಕಬ್ಬಿಣದ ಹಲಗೆಚಕ್ರಗಳ ಟ್ರ್ಯಾಕ್ಟರನ್ನು ಓಡಿಸಿ ಕಳೆಯನ್ನು ಕೆಸರಿಗೆ ತುಳಿದು ಹದಮಾಡುತ್ತಾರೆ. ಅದನ್ನೇ ಜೌಗಿಗೆ ಅನ್ವಯಿಸಿದಾಗ ಜೊಂಡಿನ ಬುಡ ಮುರಿದು, ನೀರಿನಡಿ ಕೊಳೆತು, ತೆರೆದ ನೀರೂ ಹಕ್ಕಿಗಳೂ ಮರಳಿದವು. ನಮ್ಮ ಮಲೆನಾಡಿನ ಯಾವ ಗದ್ದೆಯವನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೃಷಿಕನ ಕೈಚಳಕವೊಂದು ಸಂರಕ್ಷಣಾ ವಿಜ್ಞಾನದ ತಂತ್ರವಾಗಿ ಬಡ್ತಿ ಪಡೆದ ಉದಾಹರಣೆಯಿದು. ಬಡ್ತಿಯ ವೇಳೆ ಮೂಲದವರ ಹೆಸರು ಕಳೆದುಹೋಗುವುದು ಮಾತ್ರ ಎಲ್ಲೆಡೆಯ ವಾಡಿಕೆ.

ಇಂಥದೇ ನಿರ್ಧಾರದ ಬೆಲೆಯನ್ನು ಭಾರತದಲ್ಲಿ ಜನ ಜೀವದಿಂದ ತೆತ್ತಿದ್ದಾರೆ. ಭರತಪುರದ ಕೇವಲಾದೇವ ಪಕ್ಷಿಧಾಮದಲ್ಲಿ 1982ರಲ್ಲಿ ಎಮ್ಮೆಗಳ ಮೇಯುವಿಕೆಯನ್ನು ನಿಷೇಧಿಸಿದಾಗ ಪ್ರತಿಭಟಿಸಿದ ಹಳ್ಳಿಗರ ಮೇಲೆ ಗೋಲಿಬಾರು ನಡೆದು ಸಾವುಗಳಾದವು. ಅನಂತರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನವು, ಎಮ್ಮೆಗಳಿಲ್ಲದೆ ಒಂದು ಬಗೆಯ ನೀರುಹುಲ್ಲು ವಿಪರೀತ ಬೆಳೆದು ಹಕ್ಕಿಗಳಿಗೇ ತೊಂದರೆಯಾಯಿತೆಂದು ಕಂಡುಕೊಂಡಿತು. ಮೇಯಿಸುವವರನ್ನು ಮೊದಲೇ ಕೇಳಿದ್ದರೆ ಈ ಅರಿವು ಇಷ್ಟು ದುಬಾರಿಯಾಗುತ್ತಿರಲಿಲ್ಲ ಎಂಬುದು ಈ ಲೇಖಕನ ನಿಲುವು.

ಹಾಗೆಂದು ಮೇಯುವಿಕೆ ಎಲ್ಲೆಡೆ ಒಳ್ಳೆಯದು, ಬೆಂಕಿ ಎಲ್ಲೆಡೆ ಉಪಕಾರಿ ಎಂಬ ಸೂತ್ರಕ್ಕೆ ಬರುವಂತಿಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಲಂಟಾನ ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಡಿನ ನೆಲವನ್ನೇ ಆವರಿಸಿದೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ತಮ್ಮ ತರಗು ಬೆಂಕಿಯನ್ನು ನಿಲ್ಲಿಸಿದ್ದರಿಂದಲೇ ಅದು ಹೀಗೆ ಹಬ್ಬಿತೆಂಬುದು ಸೋಲಿಗರ ಅನುಭವ. ಭರತ್ ಸುಂದರಂ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅರಿವನ್ನು ದಾಖಲಿಸಿ, ವಿಜ್ಞಾನದ ಚರ್ಚೆಯೊಳಗೆ ತಂದಿತು. ಗ್ವಾನಕಾಸ್ತೆಯಲ್ಲಾದರೋ ಸ್ಥಿತಿ ತದ್ವಿರುದ್ಧ. ಅಲ್ಲಿ ಆಫ್ರಿಕದಿಂದ ತಂದು ಹರಡಿದ ಹರಾಗ್ವ ಹುಲ್ಲು ವರ್ಷವರ್ಷವೂ ಉರಿದು ಒಣಕಾಡಿನ ಸಸಿಗಳನ್ನು ಸುಡುತ್ತಿತ್ತು. ಬೆಂಕಿಯನ್ನು ನಿಲ್ಲಿಸಿದ ಮೇಲೆಯೇ ಕಾಡು ಮರಳಿತು. ಆರಂಭದ ವರ್ಷಗಳಲ್ಲಿ ಆ ಹುಲ್ಲನ್ನು ತಗ್ಗಿಸಲು ದನಗಳನ್ನೇ ಬಳಸಿದರು. ಬೆಂಕಿ ಕಾಯಲು ನೇಮಿಸಿದವರಲ್ಲಿ ಅದೇ ನೆಲದಲ್ಲಿ ದನ ಕಾದ ಅನುಭವದವರಿದ್ದರು. ಜನಪದ ಜ್ಞಾನ ಸ್ಥಳಬದ್ಧವಾದದ್ದು. ಅದರ ಬಲವೂ ಮಿತಿಯೂ ಅದೇ. ಒಂದು ಕಾಡಿನ ನಾಣ್ಣುಡಿಯನ್ನು ಇನ್ನೊಂದು ಕಾಡಿಗೆ ಒಯ್ಯುವ ಉತ್ಸಾಹಿಗಳು, ಅವರು ಜಾನಪದದವರೇ ಆಗಿರಲಿ, ಇದನ್ನು ಮರೆಯಬಾರದು.

ಒಂದೇ ಕಾಡು, ಎರಡು ತರಗತಿ

ಗ್ವಾನಕಾಸ್ತೆಯಲ್ಲಿಯೇ ಇನ್ನೊಂದು ಬಗೆಯ ತರಗತಿಯೂ ಹುಟ್ಟಿತು. ಜಾನ್ಸನ್ ಮತ್ತು ವಿನ್ನಿ ಹಾಲ್‌ವಾಕ್ಸ್ ಅವರ ಪ್ರೇರಣೆಯಿಂದ 1989ರಲ್ಲಿ ಸ್ಥಳೀಯ ಕೃಷಿಕರು, ಗೃಹಿಣಿಯರು, ಅರಣ್ಯ ಕಾವಲುಗಾರರು ಮುಂತಾದವರಿಗೆ ಸುಮಾರು ಅರ್ಧ ವರ್ಷದ ತರಬೇತಿ ಕೊಟ್ಟು, ಕೀಟ ಮತ್ತು ಸಸ್ಯಗಳ ಸಂಗ್ರಹ ಹಾಗೂ ಪ್ರಾಥಮಿಕ ಗುರುತಿಸುವಿಕೆಯ ಕೆಲಸಕ್ಕೆ ತೊಡಗಿಸಲಾಯಿತು. ಇವರನ್ನು ‘ಪ್ಯಾರಾಟ್ಯಾಕ್ಸಾನಮಿಸ್ಟ್’ ಎಂದು ಕರೆಯುತ್ತಾರೆ. ಊರಿನ ಜೀವಿಗುರುತುಗಾರರು ಎನ್ನಬಹುದು. ಅದೇ ವರ್ಷ ಸ್ಥಾಪನೆಯಾದ ರಾಷ್ಟ್ರೀಯ ಜೀವವೈವಿಧ್ಯ ಸಂಸ್ಥೆಯ ಸಂಗ್ರಹ ಬೆಳೆದದ್ದು ಬಹುಮಟ್ಟಿಗೆ ಇವರಿಂದ. ಆ ಸಂಸ್ಥೆ ಹಣಕಾಸಿನ ಬಿಕ್ಕಟ್ಟಿಗೆ ಸಿಲುಕಿ ಅದರ ಸಂಗ್ರಹ 2015ರ ವೇಳೆಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿತು. ಗ್ವಾನಕಾಸ್ತೆಯ ಗುರುತುಗಾರರ ಕೆಲಸ ಮಾತ್ರ ನಿಲ್ಲಲಿಲ್ಲ.

ಅವರು ಕಂಬಳಿಹುಳುಗಳನ್ನು ಒಂದೊಂದಾಗಿ ಹಿಡಿದು, ಅವು ತಿನ್ನುವ ಎಲೆಯನ್ನೇ ತಂದುಹಾಕಿ ಸಾಕಿ, ಯಾವ ಹುಳು ಯಾವ ಗಿಡದ್ದು, ಅದರಿಂದ ಯಾವ ಚಿಟ್ಟೆ ಹೊರಬಂತು ಎಂದು ಬರೆದಿಟ್ಟರು. ಇನ್ನೂರು ವರ್ಷಗಳಿಗೂ ಮಿಕ್ಕಿ ಒಂದೇ ಪ್ರಭೇದವೆಂದು ಎಣಿಸಿದ್ದ ಚಿಟ್ಟೆಯೊಂದರ ಹುಳುಗಳು ಬೇರೆ ಬೇರೆ ಗಿಡಗಳಲ್ಲಿ ಬೇರೆ ಬೇರೆ ಬಣ್ಣಗಳಲ್ಲಿ ಇರುವುದು ಈ ಸಾಕಣೆಯಿಂದ ಗೊತ್ತಾಯಿತು. 2004ರಲ್ಲಿ ಡಿಎನ್‌ಎ ಪರೀಕ್ಷೆಯೊಡನೆ ಹೋಲಿಸಿದಾಗ ಅವು ಹತ್ತು ಪ್ರಭೇದಗಳೆಂಬ ತೀರ್ಮಾನಕ್ಕೆ ಬರಲಾಯಿತು. ನಿತ್ಯದ ಆ ಸಾಕಣೆಯ ದಾಖಲೆ ಇಲ್ಲದಿದ್ದರೆ ಡಿಎನ್‌ಎ ಅಂಕಿಗಳಿಗೆ ಅರ್ಥವೇ ಹುಟ್ಟುತ್ತಿರಲಿಲ್ಲ. ಹದಿನೈದು ವಾರ ಕಲಿತವನಿಗೆ ಕ್ರೆಡಿಟ್ ದೊರೆತು ಅವನು ವಿಮಾನ ಹತ್ತುತ್ತಾನೆ. ಅರ್ಧ ವರ್ಷ ಕಲಿತವರು ಅದೇ ಕಾಡಿನಲ್ಲಿ ದಶಕಗಟ್ಟಲೆ ದುಡಿಯುತ್ತಾರೆ. ಈ ಎರಡು ತರಗತಿಗಳನ್ನು ಒಂದೇ ಸೂರಿನಡಿ ಕೂರಿಸಿದಾಗ ಮಾತ್ರ ‘ವಿನಿಮಯ’ವೆಂಬ ಮಾತಿಗೆ ಬೆಲೆ ಬರುತ್ತದೆ.

ದೇಶದ ಆಗ್ನೇಯದ ತಲಮಾಂಕಾ ಬೆಟ್ಟಗಳಲ್ಲಿ ಪ್ರಶ್ನೆ ಮತ್ತಷ್ಟು ಸೂಕ್ಷ್ಮವಾಗುತ್ತದೆ. ಅಲ್ಲಿನ ಬ್ರಿಬ್ರಿ ಬುಡಕಟ್ಟಿನವರು ಮಾತೃವಂಶೀಯ ಕುಲಗಳವರು. ಅವರ ಸೃಷ್ಟಿಕರ್ತ ಸಿಬೊ. ಕೋಕೋ ಮರ ಮೊದಲು ಹೆಣ್ಣಾಗಿತ್ತು, ಸಿಬೊ ಅವಳನ್ನು ಮರವಾಗಿಸಿದನೆಂಬುದು ಅವರ ನಂಬಿಕೆ. ಆದ್ದರಿಂದ ಅದರ ಕೊಂಬೆಯನ್ನು ಸೌದೆಗೆ ಬಳಸುವುದಿಲ್ಲ. ಆಚರಣೆಯ ಪಾನೀಯವನ್ನು ಹೆಂಗಸರೇ ಸಿದ್ಧಪಡಿಸುತ್ತಾರೆ. ಪೌಲಾ ಪಾಮರ್ ಅವರು ಕೆಕೊಲ್ಡಿ ಸಮುದಾಯದವರೇ ಆದ ಹುವಾನಿತಾ ಸಾಂಚೆಸ್, ಗ್ಲೋರಿಯಾ ಮಯೋರ್ಗ ಅವರ ಜೊತೆ ರಚಿಸಿದ ‘ಸಿಬೊನ ಕೊಡುಗೆಗಳ ಕಾಳಜಿ’ ಎಂಬರ್ಥದ ಗ್ರಂಥ ಇಂತಹ ನಂಬಿಕೆಗಳನ್ನೂ ಬಳಕೆಯ ಕಟ್ಟಳೆಗಳನ್ನೂ ಒಟ್ಟಿಗೆ ಇಟ್ಟು ನೋಡುತ್ತದೆ. ವಕ್ತೃಗಳು ಸಹಲೇಖಕರಾಗುವ ಈ ಮಾದರಿ ನಮ್ಮ ಸಂಗ್ರಹಕಾರರಿಗೂ ಅನುಕರಣೀಯ.

ಕೋಸ್ಟರಿಕಾದ 1998ರ ಜೀವವೈವಿಧ್ಯ ಕಾನೂನು ಸಮುದಾಯಗಳ ಸಾಮೂಹಿಕ ಬೌದ್ಧಿಕ ಹಕ್ಕುಗಳನ್ನು ಮಾನ್ಯ ಮಾಡಿದೆ. ಸಾಂಸ್ಕೃತಿಕ ಅಥವಾ ಆಧ್ಯಾತ್ಮಿಕ ಕಾರಣಗಳಿಗಾಗಿ ತಮ್ಮ ಸಂಪನ್ಮೂಲ, ಜ್ಞಾನಗಳಿಗೆ ಪ್ರವೇಶ ನಿರಾಕರಿಸುವ ಹಕ್ಕನ್ನೂ ಕೊಟ್ಟಿದೆ. ‘ಹೇಳುವುದಿಲ್ಲ’ ಎನ್ನುವುದೂ ಒಂದು ಉತ್ತರವೆಂದು ವಿದ್ಯಾರ್ಥಿಗೆ ಕಲಿಸಬೇಕಾದ ಪಾಠ ಇಲ್ಲಿಂದಲೇ ಆರಂಭವಾಗಬೇಕು. ಇದಕ್ಕೆ ಭಾಷೆ ಬೇಕು. ಅಂಗಡಿ, ಬಸ್ಸುಗಳ ಮಟ್ಟದ ಸ್ಪ್ಯಾನಿಷ್ ಸಾಲದು. ಬ್ರಿಬ್ರಿ ಭಾಷೆಯಂತೂ ಸ್ಪ್ಯಾನಿಷಿಗೆ ಸಂಬಂಧವೇ ಇಲ್ಲದ ಚಿಬ್ಚ ಭಾಷಾಕುಟುಂಬಕ್ಕೆ ಸೇರಿದ್ದು. ಸಂರಕ್ಷಣಾ ನೀತಿಗೆ ಕೊಡುವ ಗಂಟೆಗಳಲ್ಲಿ ಕೆಲವನ್ನು ಸಂದರ್ಶನ ವಿಧಾನ, ಒಪ್ಪಿಗೆ ಪಡೆಯುವ ಕ್ರಮ, ಸ್ಥಳೀಯ ಹೆಸರು ಮತ್ತು ಕಥನಗಳ ದಾಖಲೀಕರಣಕ್ಕೆ ಮೀಸಲಿಡಬಹುದು. ಒಂದು ಚೌಕದ ಸಸಿಗಳನ್ನು ಎಣಿಸಿದ ವಿದ್ಯಾರ್ಥಿ ಅದೇ ಚೌಕದ ಬಗ್ಗೆ ಒಬ್ಬ ಸಬನೇರೊ ಹೇಳಿದ್ದನ್ನೂ ಅವನ ಹೆಸರಿನಡಿ, ಅವನ ಒಪ್ಪಿಗೆಯೊಂದಿಗೆ, ಅದೇ ವರದಿಯಲ್ಲಿ ಬರೆಯುವುದು ಸಾಧ್ಯ.

ವಿನಿಮಯದ ಮರುಮುಖವಾಗಿ ವಿದೇಶೀ ವಿದ್ಯಾರ್ಥಿಗಳು ಪಶ್ಚಿಮ ಘಟ್ಟಕ್ಕೆ ಬಂದಾಗ ನಮ್ಮ 2002ರ ಜೀವವೈವಿಧ್ಯ ಕಾಯಿದೆ ಅನ್ವಯವಾಗುತ್ತದೆ. ಭಾರತದ ಪ್ರಜೆಯಲ್ಲದವರು ಇಲ್ಲಿನ ಜೈವಿಕ ಸಂಪನ್ಮೂಲವನ್ನಾಗಲಿ ಅದಕ್ಕೆ ಸಂಬಂಧಿಸಿದ ಜ್ಞಾನವನ್ನಾಗಲಿ ಸಂಶೋಧನೆಗಾಗಿ ಪಡೆಯಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಕೇಂದ್ರದ ಮಾರ್ಗಸೂಚಿಗಳಿಗೆ ಒಳಪಟ್ಟ ಸಹಯೋಗ ಯೋಜನೆಗಳಿಗೆ ಮಾತ್ರ ವಿನಾಯಿತಿಯಿದೆ. ತನ್ನ ವ್ಯಾಪ್ತಿಯ ಸಂಪನ್ಮೂಲ ಹಾಗೂ ಜ್ಞಾನದ ಬಳಕೆಯ ಕುರಿತು ನಿರ್ಧರಿಸುವಾಗ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯೊಡನೆ ಸಮಾಲೋಚಿಸಬೇಕೆಂದು ಅದೇ ಕಾಯಿದೆಯ 41ನೆಯ ಕಲಮು ಹೇಳುತ್ತದೆ. ಈ ಸಮಿತಿಗಳ ವಶದಲ್ಲಿರುವ ಜನತಾ ಜೀವವೈವಿಧ್ಯ ದಾಖಲಾತಿಗಳಲ್ಲಿ ಗಿಡದ ಸ್ಥಳೀಯ ಹೆಸರಿಗೂ ಬಳಕೆಗೂ ಅಂಕಣಗಳಿವೆ. ಆ ಅಂಕಣಗಳನ್ನು ತುಂಬಲು ಊರಿನ ಹಿರಿಯರ ಜೊತೆ ಕುಳಿತು ಬರೆಯಬಲ್ಲವರು ಬೇಕು, ಮತ್ತು ಆ ಕೆಲಸದ ತರಬೇತಿ ಇರುವುದು ನಮ್ಮ ಜಾನಪದ ವಿಭಾಗಗಳಲ್ಲಿ.